ಕೀಲಿನ ವಿರುಪಾಕ್ಷಪ್ಪ

ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕಿನಲ್ಲಿ ವಿರುಪಾಕ್ಷಪ್ಪನವರು ನಡು ನೆಟ್ಟಗಿಟ್ಟು ಎರಡೂ ಕೈಗಳನ್ನು ಅತ್ತಿತ್ತ ಹೊರಳಿಸುವುದನ್ನು ಕಂಡ ನೆರೆಮನೆಯ ಜಗನ್ನಾಥ, ಬೆನ್ನುನೋವಿನ ವ್ಯಾಯಾಮವಿರಬೇಕೆಂದು ಪಕ್ಕದಲ್ಲೇ ನಿಂತು ಹತ್ತು ನಿಮಿಷ ತಾನೂ ಮಾಡಿದ. ಅದು ವ್ಯಾಯಾಮವಲ್ಲ, ಸುಮಾರು ನೂರು ವರ್ಷದ ಹಿಂದೆ ಮುಂಬಯಿ ಕಡೆಯ ಘಟ್ಟ ಹತ್ತುತ್ತಿದ್ದ ಎಲೆಕ್ಟ್ರಿಕ್ ಎಂಜಿನ್ನು ಎಂದು ಆಮೇಲೆ ತಿಳಿಯಿತು: ಮಧ್ಯೆ ಗಟ್ಟಿ ಒಡಲು, ಎರಡೂ ತುದಿಗೆ ಕೀಲು ಹಾಕಿದ ಉದ್ದ ಮೂಗು, ತಿರುವು ಬಂದರೆ ಮೊದಲು ಮೂಗು ಹೊರಳುತ್ತದೆ. ರೈಲ್ವೆಯಿಂದ ನಿವೃತ್ತರಾಗಿ ಅಮೆರಿಕದ ಕ್ಯುಪರ್ಟಿನೋದ ಮಗಳ ಮನೆ ಸೇರಿದ ಈ ಮಹಾನುಭಾವರಿಗೆ ಲೋಕದ ಸಕಲ ಸಂಕಟಕ್ಕೂ ಕೀಲಿಲ್ಲದ್ದೇ ಕಾರಣ. ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡರೂ "ಕೀಲಿಲ್ಲ, ಹೆಂಗ್ ಹೊಳ್ಳತದ?", ಕನ್ನಡ ಕೂಟ ಒಡೆದು ಎರಡಾದರೂ "ಕೀಲಿಲ್ರೀ!" ಅವರು ಕೈಯಾರೆ ಮಾಡಿದ ಮೊಳದುದ್ದದ ಎಂಜಿನ್ನು ಗರಾಜಿನ ನೆರಳಿನಲ್ಲಿ, ಅಳಿಯನ ಟೆಸ್ಲಾ ಕಾರು ಬಿಸಿಲಿನಲ್ಲಿ. ಒಂದು ದಿನ ಜಗನ್ನಾಥ ಗರಾಜಿನಿಂದ ಮನೆಯೊಳಕ್ಕೆ ಹಾಸಿದ್ದ ಪುಟ್ಟ ಹಳಿಯ ಜಾಡು ಹಿಡಿದು ಹೊರಟರೆ, ಅದು ಅಡುಗೆಮನೆ ದಾಟಿ, ಎರಡು ಬಾಗಿಲು ಹೊರಳಿ, ಸೊಂಟದ ಆಪರೇಷನ್ನಾದ ಮೇಲೆ ಮಾತ್ರೆಯೂ ಬೇಡ, ಮಾತೂ ಬೇಡ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ ವಿರುಪಾಕ್ಷಪ್ಪನವರ ಹೆಂಡತಿ ಶರಣವ್ವನ ಮಂಚದ ಬಳಿ ನಿಂತಿತ್ತು. ಎಂಜಿನ್ನು ಮಾತ್ರೆಯ ಡಬ್ಬಿ ಹೊತ್ತು ಗಂಭೀರವಾಗಿ ಬಂತು. "ಅಲ್ಲಾ ಸಾರ್, ಇಪ್ಪತ್ತು ಹೆಜ್ಜೆ ಅಷ್ಟೇ, ನೀವೇ ತಂದುಕೊಟ್ರೆ ಆಗಲ್ವಾ?" ಎಂದ ಜಗನ್ನಾಥ. "ನಾ ಕೊಟ್ರ ಉಗುಳ್ತಾಳ್ರೀ. ಗಾಡಿ ತಂದ್ರ ನಕ್ಕೋಂತ ನುಂಗತಾಳ."