ಗೊತ್ತಿಲ್ಲದವನ ಗೊತ್ತುವಳಿ

‘ಒಂದ್ ಸೆಕೆಂಡ್ ಇರು, ಬಂದೆ’ ಎಂದು ನಾನು ಹೇಳಿದರೆ ನನ್ನ ಹೆಂಡತಿ ಶೈಲಜಾ ಒಲೆ ಆರಿಸಿ, ದೋಸೆಹಿಟ್ಟಿಗೆ ಮುಚ್ಚಳ ಹಾಕಿ, ಒಗೆದ ಬಟ್ಟೆಯನ್ನೆಲ್ಲ ಮಡಚಲು ಕೂರುತ್ತಾಳೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಸೆಕೆಂಡಿನ ಉದ್ದ ಅವಳಿಗೆ ಚೆನ್ನಾಗಿ ಗೊತ್ತಾಗಿದೆ. ನನಗೂ ಆ ಪದದೊಡನೆ ಹಳೆಯ ಸಲುಗೆ. ಸೆಕೆಂಡ್ ಹ್ಯಾಂಡ್ ಸೈಕಲ್ ತುಳಿದು ಪೀಣ್ಯದ ವೆಲ್ಡಿಂಗ್ ಶಾಪಿಗೆ ಹೋದವನು, ಸೆಕೆಂಡ್ ಶೋ ಸಿನಿಮಾ ನೋಡಿ ಬೆಳೆದವನು ನಾನು. ಸೆಕೆಂಡ್ ಪಿಯುಸಿ ಒಂದು ಮಾತ್ರ ನನ್ನ ದಾರಿಗೆ ಅಡ್ಡ ಬರಲಿಲ್ಲ. ಏಳನೆಯ ಕ್ಲಾಸಿಗೇ ನಾನು ಆ ದಾರಿಯಿಂದ ಕೆಳಗಿಳಿದಿದ್ದೆ. ಇಂಗ್ಲಿಷಿನಲ್ಲಿ ನಿನಗೆ ಖಚಿತವಾಗಿ ಗೊತ್ತಿರುವ ಪದಗಳು ಯಾವುವಯ್ಯಾ ಎಂದು ನೀವು ಕೇಳಿದ್ದರೆ ಸೆಕೆಂಡನ್ನು ನಾನು ಫಸ್ಟ್ ಬೆಂಚಿನಲ್ಲೇ ಕೂರಿಸುತ್ತಿದ್ದೆ.

ಶೈಲಜಾ ನರ್ಸ್. ಅವಳ ವೀಸಾದ ಸೆರಗು ಹಿಡಿದು ನಾನೂ ಐರ್ಲೆಂಡಿಗೆ ಬಂದೆ. ಲೀಕ್ಸ್‌ಲಿಪ್ ಹತ್ತಿರದ ಚಿಕ್ಕ ಕಮ್ಯುನಿಟಿ ಕಾಲೇಜೊಂದರಲ್ಲಿ ಕೇರ್‌ಟೇಕರ್ ಆದೆ. ಅಲ್ಲಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯ ಕನ್ನಡದ ಹುಡುಗರು ಹಬ್ಬದೂಟಕ್ಕೆ ಸಿಕ್ಕಾಗ ‘ಎಲ್ಲಿ ಸರ್ ಕೆಲ್ಸ?’ ಎನ್ನುತ್ತಾರೆ. ‘ಕಾಲೇಜಲ್ಲಿ’ ಎಂದು ಹೇಳಿ ಹೋಳಿಗೆಯ ಕಡೆ ಗಮನ ಕೊಡುತ್ತೇನೆ. ‘ಯಾವ ಸಬ್ಜೆಕ್ಟ್ ಸರ್?’ ಎಂದರೆ ‘ಎಲ್ಲಾನೂ’ ಎನ್ನುತ್ತೇನೆ. ಸುಳ್ಳೇನಲ್ಲ. ಬಾಯ್ಲರು, ಬಾಗಿಲಿನ ಬೀಗ, ಸೋರುವ ಛಾವಣಿ, ಆಟದ ಬಯಲಿನ ಹುಲ್ಲು, ಎಲ್ಲವೂ ನನ್ನ ಪಾಲಿನವೇ.

ಆ ಹುಲ್ಲಿನ ಮೇಲೆ ಓಟದ ಪಥಗಳಿಗೆ ಬಿಳಿ ಗೆರೆ ಎಳೆಯುವವನೂ ನಾನೇ. ಅಥ್ಲೆಟಿಕ್ಸ್ ಎಂದರೆ ನಮ್ಮಲ್ಲಿ ಹನ್ನೊಂದು ಜನ, ಒಂದಷ್ಟು ಹರ್ಡಲ್ಸ್, ಹೊಟ್ಟೆ ಬಿರಿದ ಹೈಜಂಪ್ ಹಾಸಿಗೆ, ಮತ್ತು ತರಬೇತಿ ಕೊಡುವ ಊನಾ. ಈ ದೇಶದಲ್ಲಿ ಹೆಣ್ಣುಮಕ್ಕಳಿಗೆ ಹಾಗೆ ಹೆಸರಿಡುತ್ತಾರೆ. ಅವರಲ್ಲಿ ಯಾವ ಊನವೂ ನನಗೆ ಕಾಣಲಿಲ್ಲ, ಇದ್ದ ಊನವೆಲ್ಲ ಕಾಲೇಜಿನ ಖಜಾನೆಯದು. ಹನ್ನೊಂದು ಜನರಲ್ಲಿ ಕ್ಷೌರ ಕಲಿಯುವವರು, ಕಂಪ್ಯೂಟರ್ ಕಲಿಯುವವರು, ಎರಡು ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ಎಂಟುನೂರು ಮೀಟರ್ ಓಡುವ ತಾಯಿಯೊಬ್ಬಳು. ಬೇರೆ ಕಾಲೇಜುಗಳೆದುರು ಓಡಲು ಬಸ್ಸು ಬೇಕು. ಬಸ್ಸಿಗೆ ಹಣ ಬೇಕು. ಹಣವನ್ನು ಛಾವಣಿ ಕೇಳುತ್ತಿತ್ತು.

ಆಡಳಿತ ಸಮಿತಿಗೆ ಕೆಲಸಗಾರರ ಪ್ರತಿನಿಧಿಯಾಗಿ ನನ್ನನ್ನು ಆರಿಸಿದ್ದರು. ಬೇರೆ ಯಾರಿಗೂ ಅದು ಬೇಕಿರಲಿಲ್ಲ ಎಂಬುದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಹೊಸ ಕೋಟು ಹೊಲಿಸಿದೆ. ಅಥ್ಲೆಟಿಕ್ಸ್ ಉಳಿಸಬೇಕೆಂದು ಒಂದು ಭಾಷಣವನ್ನೂ ಉರು ಹೊಡೆದೆ. ಸಭೆಯಲ್ಲಿ ಲೆಕ್ಕಪತ್ರ ನೋಡುವ ಮೇಡಂ ‘ಒಂದು ವರ್ಷ ಅಥ್ಲೆಟಿಕ್ಸ್ ನಿಲ್ಲಿಸೋಣ’ ಎಂದು ಸೂಚಿಸಿದರು. ಪ್ರಿನ್ಸಿಪಾಲ್ ಮೇಡಂ ‘ಸೆಕೆಂಡ್ ಯಾರು ಮಾಡ್ತೀರಿ?’ ಎಂದು ಕೇಳಿದರು. ಎಲ್ಲರೂ ತಮ್ಮ ಕಾಗದ ನೋಡಿದರು. ಮೊದಲನೆಯವರು ಬೇಡವೆಂದರು, ಎರಡನೆಯವನು ಎದ್ದು ಉತ್ತರ ಕೊಡಬೇಕು, ಅದೇ ಸೆಕೆಂಡ್ ಎಂದು ನನ್ನ ಲೆಕ್ಕ. ‘ನಾನು ಮಾಡ್ತೀನಿ!’ ಎಂದು ಗುಡುಗಿ ಕೈ ಎತ್ತಿದೆ. ‘ಪರವಾಗಿರುವವರು?’ ಎಂದರು, ನನ್ನ ಪರವೆಂದೇ ತಿಳಿದು ಕೈ ಇಳಿಸದೆ ಸುತ್ತ ನೋಡಿ ಮುಗುಳ್ನಕ್ಕೆ. ನಾಲ್ಕಕ್ಕೆ ಮೂರು. ನಾಲ್ಕನೆಯದು ನನ್ನ ಕೈ. ಭಾಷಣಕ್ಕೆಂದು ಎದ್ದು ನಿಂತರೆ ಪ್ರಿನ್ಸಿಪಾಲರು ‘ಯು ಆರ್ ಗ್ರ್ಯಾಂಡ್, ನಾಗರಾಜ್’ ಎಂದರು. ಇಲ್ಲಿ ಆ ಮಾತಿಗೆ ‘ಇರಲಿ, ಕೂತ್ಕೊಳ್ಳಿ’ ಎಂದಷ್ಟೇ ಅರ್ಥ. ಗೆದ್ದ ಗುಂಗಿನಲ್ಲಿ ನಾನದನ್ನು ಬಿರುದೆಂದು ಸ್ವೀಕರಿಸಿದೆ. ಬಾಗಿಲ ಬಳಿ ಕೂತಿದ್ದ ಊನಾಗೆ ಹೆಬ್ಬೆರಳೆತ್ತಿ ತೋರಿಸಿದೆ. ಅವರು ಎದ್ದು ಹೊರಗೆ ಹೋದರು.

ಸಂಜೆ ಊಟದ ಮೇಜಿನಲ್ಲಿ ಪರಾಕ್ರಮವನ್ನು ವರ್ಣಿಸುತ್ತಿದ್ದಾಗ ಮಗಳು ಅನನ್ಯಾ ಚಮಚ ಕೆಳಗಿಟ್ಟಳು.

‘ಅಪ್ಪಾ, ಯು ಸೆಕೆಂಡೆಡ್ ಇಟ್? ದಟ್ ಮೀನ್ಸ್ ಯು ಅಗ್ರೀಡ್ ವಿತ್ ದೆಮ್, ಲೈಕ್.’

‘ಏನಂತಾಳೆ ಅವ್ಳು?’

‘ರೀ, ನಿಮ್ಮೂರ ಹಾಲಿನ ಡೈರಿ ಮೀಟಿಂಗಲ್ಲಿ ಸೂಚಕರು, ಅನುಮೋದಕರು ಅಂತ ಇರ್ತಿದ್ರಲ್ಲ,’ ಎಂದಳು ಶೈಲಜಾ. ‘ಆ ಅನುಮೋದಕರು ಕಣ್ರೀ ನೀವು. ನಿಲ್ಸಿ ಅಂತ ನೀವೇ ಹೇಳ್ ಬಂದಿದೀರ.’

ಕನ್ನಡದಲ್ಲಿ ಎಷ್ಟೋ ಸಲ ಅನುಮೋದಿಸಿದವನು ನಾನು.

ಮರುದಿನ ಊನಾ ಹರ್ಡಲ್ಸನ್ನು ಉಗ್ರಾಣಕ್ಕೆ ಹೊತ್ತು ಹಾಕುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, ‘ಬಿಡಿ ನಾಗರಾಜ್. ಛಾವಣಿ ಸೋರಿದರೆ ಏಣಿ ಹತ್ತೋರು ನೀವು. ನಿಮ್ಮ ಕಷ್ಟ ನಿಮಗೆ’ ಎಂದು ಕೀಲಿಯನ್ನು ನನ್ನ ಕೈಗಿಟ್ಟು ನಡೆದರು.

ಇಲ್ಲಿ, ಗೆಳೆಯರೇ, ನನ್ನ ಮರ್ಯಾದೆಯ ಒಳಗುಟ್ಟು ಹೇಳಿಬಿಡುತ್ತೇನೆ. ನಾನು ಸುಮ್ಮನಿದ್ದೆ. ಸ್ವಾರ್ಥಿ ಎಂದುಕೊಳ್ಳಲಿ, ದಡ್ಡ ಎಂದು ಗೊತ್ತಾಗುವುದು ಬೇಡ ಎನ್ನಿಸಿತು. ಯೋಚಿಸಿ ನೋಡಿ, ಸ್ವಾರ್ಥಕ್ಕೆ ಕೊನೆಪಕ್ಷ ಬುದ್ಧಿಯಾದರೂ ಬೇಕು; ಲೆಕ್ಕ ಹಾಕಿ ಕೈ ಎತ್ತಿದ ಧೂರ್ತನಲ್ಲಿ ಒಂದು ಗತ್ತಿದೆ. ಓದು ಬಿಟ್ಟವನು ಬದುಕಿನುದ್ದಕ್ಕೂ ಕಲಿಯುವ ವಿದ್ಯೆ ಒಂದೇ, ಗೊತ್ತಿಲ್ಲದ್ದನ್ನು ಗೊತ್ತಿರುವವನ ಹಾಗೆ ಕೇಳಿಸಿಕೊಂಡು ತಲೆಯಾಡಿಸುವುದು. ಆ ವಿದ್ಯೆಯಲ್ಲಿ ನಾನು ಯಾವ ಪ್ರೊಫೆಸರಿಗೂ ಕಡಿಮೆಯಿಲ್ಲ. ಮೂರು ದಿನ ಧೂರ್ತನ ಗತ್ತಿನಲ್ಲೇ ಓಡಾಡಿದೆ. ನಾಲ್ಕನೆಯ ದಿನ ಆ ಎರಡು ಮಕ್ಕಳ ತಾಯಿ ಬಂದು, ಬೂಟಿನ ದಾರ ಕಟ್ಟುತ್ತಲೇ, ‘ಬರೀ ಗೆರೆ ಎಳೆದುಕೊಡ್ತೀರಾ? ನಾವೇ ಓಡ್ಕೋತೀವಿ’ ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ಪ್ರಿನ್ಸಿಪಾಲರ ಬಾಗಿಲು ತಟ್ಟಿದೆ. ಅವರು ನಿಯಮ ವಿವರಿಸಿದರು: ತೀರ್ಮಾನವನ್ನು ಮತ್ತೆ ಚರ್ಚೆಗೆ ತರಬಹುದು, ಆದರೆ ಪರವಾಗಿ ಕೈ ಎತ್ತಿದವರೇ ಕೇಳಬೇಕು, ಕಾರಣವನ್ನು ಸಭೆಯಲ್ಲಿ ಹೇಳಬೇಕು, ಹೇಳಿದ್ದು ನಡಾವಳಿ ಪುಸ್ತಕಕ್ಕೆ ಹೋಗುತ್ತದೆ. ಉಳಿದ ಮೂವರು ಕೇಳುವವರಲ್ಲ. ನನ್ನ ದಡ್ಡತನವೇ ಈಗ ನನಗೆ ಅಧಿಕಾರ ಕೊಟ್ಟಿತ್ತು, ಅದನ್ನು ಒಪ್ಪಿಕೊಂಡರೆ ಮಾತ್ರ.

ಮುಂದಿನ ಸಭೆಗೆ ಕೋಟು ಹಾಕದೆ ಕೆಲಸದ ಅಂಗಿಯಲ್ಲೇ ಹೋದೆ.

‘ಕಾರಣ, ನಾಗರಾಜ್?’

‘ಸೆಕೆಂಡ್ ಅಂದರೆ ಏನಂತ ನನಗೆ ಗೊತ್ತಿರಲಿಲ್ಲ. ಎದುರು ಮಾತಾಡೋದು ಅಂದ್ಕೊಂಡಿದ್ದೆ.’

ಯಾರೂ ನಗಲಿಲ್ಲ, ನಕ್ಕಿದ್ದರೆ ಹಗುರಾಗುತ್ತಿತ್ತು. ಬಾಗಿಲ ಬಳಿ ಊನಾ ಮಾತ್ರ ‘ಅಯ್ಯೋ ದೇವರೇ, ಆ ಹೆಬ್ಬೆರಳು!’ ಎಂದು ಮುಖ ಮುಚ್ಚಿಕೊಂಡರು, ಅವರ ಭುಜಗಳು ಕುಲುಕತೊಡಗಿದವು. ಆಮೇಲೆ ಸಭೆಗೆ ಸಭೆಯೇ ನಕ್ಕಿತು. ಅರ್ಧ ಗಂಟೆ ಎಳೆದಾಡಿ ತೀರ್ಮಾನವಾಯಿತು: ಬಸ್ಸು ಉಂಟು, ಹೈಜಂಪ್ ಇಲ್ಲ, ಹೊಸ ಜರ್ಸಿಗಳಿಲ್ಲ. ಈ ಸಲವೂ ನಾಲ್ಕಕ್ಕೆ ಮೂರು.

ವಾರದ ಮೇಲೆ ಪ್ರಿನ್ಸಿಪಾಲರು ನಡಾವಳಿ ಪುಸ್ತಕ ತೆರೆದು ನನ್ನ ಮುಂದಿಟ್ಟರು. ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಬೇಡವಾದರೆ ಇದನ್ನು ತೆಗೆಸ್ತೀನಿ. ವೈಯಕ್ತಿಕ ಕಾರಣ ಅಂತ ಬರೆದರೂ ಸಾಕು’ ಎಂದರು.

ಒಳ್ಳೆಯ ಹೆಂಗಸು. ಮೂರು ವಾರದ ಹಿಂದಾಗಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

‘ಬೇಡ ಮೇಡಂ, ಹಾಗೇ ಇರಲಿ’ ಎಂದೆ. ಒಂದೊಂದು ಅಕ್ಷರವನ್ನೂ ನಿಧಾನಕ್ಕೆ ಓದಿದೆ. ‘ಆ ಪದ ತಮಗೆ ಅರ್ಥವಾಗಿರಲಿಲ್ಲ ಎಂದು ಶ್ರೀ ನಾಗರಾಜ್ ತಿಳಿಸಿದರು’ ಎಂದಿತ್ತು. ಅದರ ಕೆಳಗೆ, ಪೂರ್ತಿ ಅರ್ಥವಾಗಿ, ಸಹಿ ಹಾಕಿದೆ.