ಹರಪನಹಳ್ಳಿ ಗಿಟಾರು, ಹಡಗಲಿ ಗಿಟಾರು

ತೊಂಬತ್ತರ ದಶಕದಲ್ಲಿ ನಾನು ಕೊಟ್ಟೂರಿನಲ್ಲಿ ಮೈಕ್‌ಸೆಟ್ ಇಟ್ಟಿದ್ದೆ. ನಮ್ಮ ಕಡೆ ಆರ್ಕೆಸ್ಟ್ರಾಗಳಲ್ಲಿ ರಾಕ್ ಗಿಟಾರಿಗೆ ಹೆಸರಾದವರು ಇಬ್ಬರೇ: ಹರಪನಹಳ್ಳಿಯ ನಾಗರಾಜ, ಹಡಗಲಿಯ ಖಾದರ್. ಇಬ್ಬರಿಗೂ ಆಗಿಬರುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡಿಲ್ಲ ಎಂದು ಅಭಿಮಾನಿಗಳು ಹೇಳುತ್ತಿದ್ದರು.

ಒಮ್ಮೆ ತಂಬ್ರಹಳ್ಳಿಯ ಮದುವೆಗೆ ಗಂಡಿನವರು ನಾಗರಾಜನ ತಂಡವನ್ನೂ ಹೆಣ್ಣಿನವರು ಖಾದರನ ತಂಡವನ್ನೂ ಕರೆಸಿಬಿಟ್ಟರು. ಜಗಳವಾದರೆ ಮೊದಲು ಒಡೆಯುವುದು ನನ್ನ ಸ್ಪೀಕರೇ ಎಂದು ನನಗೆ ಹೆದರಿಕೆ.

ನಾಗರಾಜ ನುಡಿಸತೊಡಗಿದಾಗ ಖಾದರ್ ನನ್ನ ಪಕ್ಕ ಬಂದ.

"ಅಣ್ಣಾ, ಅವರ ಬೆರಳು ಕಾಣಬೇಕು. ಎಲ್ಲಿ ನಿಂದರ್ಲಿ?"

ಸ್ಪೀಕರಿನ ಮರೆಯಲ್ಲಿ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ನಾಗರಾಜ ನುಡಿಸುವುದನ್ನು ಬಿಟ್ಟು ನೇರ ಅಲ್ಲಿಗೇ ಇಳಿದು ಬಂದ. ನಾನು ಸ್ಪೀಕರಿಗೆ ಅಡ್ಡ ನಿಂತೆ.

"ಖಾದರ್ ಅಲ್ಲೇನ್ರಿ ನೀವು?" ಎಂದ ಮೆಲ್ಲಗೆ. "ನನ್ನ ಬೆರಳನ್ನ ನೋಡೋದು ಕಂಡು ನೀವ ಅಂತ ಗೊತ್ತಾತು, ಬೆರಳು ತಪ್ಪಾಕ ಹತ್ತಿದ್ವು. ಮ್ಯಾಲೆ ಬರ್ರಿ, ಕೂಡೇ ನುಡಿಸೋಣು."

"ನಿಮ್ಮನ್ನ ಕೇಳಾಕಂತ ಹಿಂದಕ ನಿಮ್ಮ ಕೂಡ್ಲಿಗಿ ಪ್ರೋಗ್ರಾಮಿಗೆ ಕದ್ದು ಬಂದಿದ್ದೆ ರೀ," ಎಂದ ಖಾದರ್. ಅವನ ಕಣ್ಣು ತುಂಬಿತ್ತು.

ಇಬ್ಬರೂ ಒಟ್ಟಿಗೆ ವೇದಿಕೆ ಹತ್ತಿದರು. ಅಷ್ಟೇನೂ ಚೆನ್ನಾಗಿ ಕೂಡಿಬರಲಿಲ್ಲ. ನೀವು ಮೊದಲು, ನೀವು ಮೊದಲು ಎಂದು ಒಬ್ಬರಿಗೊಬ್ಬರು ಬಿಟ್ಟುಕೊಡುತ್ತ ನಿಂತಿದ್ದರಿಂದ, ಅರ್ಧ ಹಾಡಿನವರೆಗೂ ಜನ ಕೇಳಿದ್ದು ಬರೀ ಡ್ರಮ್ಮು.