ಅಕ್ಕ ಯಾವುದು, ತಂಗಿ ಯಾವುದು?

ಮಂಜು ಇನ್ನೂ ನೀರಿನ ಮೇಲೇ ಇದೆ. ದೋಣಿಗಟ್ಟೆಯಲ್ಲಿ ಕುಕ್ಕರುಗಾಲಲ್ಲಿ ಕೂತ ಪುರಸಭೆಯ ಬೋರ್ಡ್ ಪೇಂಟರ್, 'ಅಕ್ಕನ ಕೆರೆ' ಎಂದು ತಾವೇ ಬರೆದಿದ್ದ ಹೆಸರಿನ ಮೇಲೆ ಬಿಳಿ ಬಣ್ಣ ಬಳಿಯುತ್ತಿದ್ದಾರೆ. ಸೈಕಲ್ಲಿನವರೊಬ್ಬರು ಕಾಲೂರಿ ನಿಲ್ಲುತ್ತಾರೆ.

"ಅಂತೂ ಇದು ತಂಗಿ ಕೆರೆ ಅಂತ ಒಪ್ಕೊಂಡ್ರಿ!"

"ಒಪ್ಕೊಂಡಿಲ್ಲ ಸ್ವಾಮಿ. ಯಾವುದು ಅಂತಾನೇ ಗೊತ್ತಾಗ್ತಿಲ್ಲ."

ಈ ಪುರಸಭೆಗೆ ಸೇರಿದ ಹಳ್ಳಿಗಳಲ್ಲಿ ಮನೆಗಿಂತ ನೀರೇ ಹೆಚ್ಚು. ಕೆರೆ, ಕಾಲುವೆ, ಹಳೆಯ ಕಲ್ಲುಸೇತುವೆ, ಎಲ್ಲಕ್ಕೂ ಹೆಸರು ಬರೆದವರು ಇವರೇ. ತೊಡಕಿರುವುದು ಒಂದೇ ಏರಿಯ ಎರಡು ಬದಿಗಿರುವ ಜೋಡಿ ಕೆರೆಗಳದ್ದು. ಅಗಲವಾದದ್ದೇ ಅಕ್ಕ ಎನ್ನುತ್ತಾರೆ ಪಡುವಣ ದಡದವರು. ಮೊದಲು ತುಂಬುವುದೇ ಅಕ್ಕ ಎನ್ನುತ್ತಾರೆ ಮೂಡಣದವರು. ಪೇಂಟರ್ ಅವರ ತಾಯಿ ಪಡುವಣದವರು, ಹೆಂಡತಿ ಮೂಡಣದವರು. ಎತ್ತು ಏರಿಗೆ, ಕೋಣ ನೀರಿಗೆ.

"ಊಟಕ್ಕೆ ಕೂತ್ರೆ ತಟ್ಟೆಗೆ ಮೊದಲು ಕೆರೆನೇ ಬೀಳುತ್ತೆ," ಎಂದು ನಗುತ್ತಾರೆ.

ಹೋದ ವರ್ಷ ನಗು ನಿಂತಿತ್ತು. ಇದೇ ದೋಣಿಗಟ್ಟೆಯ ಪಾಚಿ ಮೆಟ್ಟಿಲಲ್ಲಿ ತಾಯಿ ಜಾರಿ ಸೊಂಟ ಮುರಿದುಕೊಂಡರು. ಜೊತೆಗಿದ್ದ ಸೊಸೆ ಗಾಬರಿಯಲ್ಲಿ ಆಂಬುಲೆನ್ಸಿಗೆ ಫೋನ್ ಮಾಡಿ, ತವರಿನ ರೂಢಿಯಂತೆ "ತಂಗಿ ಕೆರೆ" ಎಂದುಬಿಟ್ಟರು. ಗಾಡಿ 'ತಂಗಿ ಕೆರೆ' ಎಂಬ ಬೋರ್ಡ್ ನೋಡಿಕೊಂಡು ಇನ್ನೊಂದು ಕೆರೆಗೆ ಹೋಯಿತು. ಅಲ್ಲಿ ಸೇತುವೆಯ ಕಂಬಿಗೆ ಬಣ್ಣ ಹೊಡೆಯುತ್ತಿದ್ದವರು ಇವರೇ.

"ಯಾರೋ ಅಜ್ಜಿ ಬಿದ್ದಿದಾರಂತೆ ಅಂದ ಡ್ರೈವರ್. ಇಲ್ಲಿ ಯಾರೂ ಬಿದ್ದಿಲ್ಲಪ್ಪ, ಯಾರೋ ತಮಾಷೆಗೆ ಮಾಡಿರ್ಬೇಕು ಅಂತ ನಾನೇ ವಾಪಸ್ ಕಳಿಸ್ದೆ. ಆಮೇಲೆ ಹೆಂಡ್ತಿ ಫೋನ್ ಬಂತು." ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದುತ್ತಾರೆ. "ಬರೆದವನು ನಾನು, ಕಳಿಸಿದವನೂ ನಾನು. ಅವಳು ಹೇಳಿದ್ದು ತಪ್ಪಾ, ನಾನು ಬರೆದಿದ್ದು ತಪ್ಪಾ? ಇವತ್ತಿಗೂ ತಲೆ ಕೆಟ್ಟು ಹೋಗುತ್ತೆ."

ತಾಯಿ ಬದುಕಿದರು, ಈಗ ಕೋಲು ಹಿಡಿದು ನಡೆಯುತ್ತಾರೆ. ಮಗ ಎರಡೂ ದಡದ ಹಿರಿಯರನ್ನು ವಿಚಾರಿಸಿ ಬಂದರು. ಹೋದಾಗಿದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತು ತಂದರು. ಮುಖ್ಯಾಧಿಕಾರಿಗಳು, "ನಿಮಗೆ ತೋಚಿದ್ದು ಬರೀರಿ, ನನ್ನನ್ನ ಮಾತ್ರ ಎಳೀಬೇಡಿ," ಎಂದು ಕೈತೊಳೆದುಕೊಂಡರು.

ತೋಚಿದ್ದು ಈಗ ಹಲಗೆಯ ಮೇಲೆ ಮೂಡುತ್ತಿದೆ: 'ಅಕ್ಕ-ತಂಗಿ ಕೆರೆ'. ಅದರ ಕೆಳಗೆ ದಪ್ಪಕ್ಷರದಲ್ಲಿ, 'ದೋಣಿಗಟ್ಟೆ ಕಡೆ'. ಇನ್ನೊಂದು ಬೋರ್ಡಿಗೂ ಅದೇ ಹೆಸರು, ಕೆಳಗೆ 'ಕಲ್ಲುಸೇತುವೆ ಕಡೆ'. ಫೋನಿನಲ್ಲಿ ಇನ್ನು ದೋಣಿಗಟ್ಟೆಯೋ ಸೇತುವೆಯೋ ಹೇಳಿದರೆ ಸಾಕು.

ಮನೆಯಲ್ಲಿ ಒಪ್ಪಿದರೇ?

"ಎಲ್ಲಿ ಸ್ವಾಮಿ! ಸೊಂಟ ಮುರಿದ್ರೂ ಅದು ಅಕ್ಕನ ಕೆರೇನೇ ಅಂತಾರೆ ಅಮ್ಮ. ಗಾಡಿ ಸರಿಯಾದ ಜಾಗಕ್ಕೆ ಬರ್ಲಿ, ನನಗಷ್ಟೇ ಸಾಕು. ಅತ್ತೆ-ಸೊಸೆ ಅದರೊಳಗೆ ಕೂತು ಆಸ್ಪತ್ರೆವರೆಗೂ ಜಗಳ ಆಡ್ಕೊಂಡು ಹೋಗ್ಲಿ."